ಮೂವತ್ತೆರಡು ಗ್ರಾಂ ಹೆಚ್ಚು

ಬೇರೆಯವರ ಮನೆಗೆ ವಾರಕ್ಕೊಮ್ಮೆ ಭಾನುವಾರ ಬರುತ್ತದೆ. ತಮಿಳು ಸೀಮೆಯ ಸಿರುಮುಗೈಯಲ್ಲಿರುವ, ಕನ್ನಡ ಮಾತಾಡುವ ನಮ್ಮ ನೇಕಾರರ ಮನೆಗೆ ಕಳೆದ ವರ್ಷವೆಲ್ಲ ಬರುತ್ತಿದ್ದುದು ಭಾರವಾರ.

ಹಲ್ಲುಜ್ಜಿದ ಮೇಲೆ, ಬಾಯಿಗೆ ಒಂದು ಗುಟುಕು ಕಾಫಿಯೂ ಇಳಿಯುವ ಮೊದಲು, ನಾನು ಮಗ್ಗದ ಕೋಣೆಗೆ ಹೋಗಿ ತೂಕದ ಯಂತ್ರದ ಮೇಲೆ ನಿಲ್ಲಬೇಕು. ನೂಲಿನ ಮೂಟೆ ತೂಗುವ ಹಳೆಯ ಯಂತ್ರ ಅದು; ಅಪ್ಪ ಕೆಲಸಕ್ಕಿರುವ ಸೀರೆ ಅಂಗಡಿಯ ಮೊದಲಾಳಿ, ಅಂದರೆ ಮಾಲೀಕರು, ಹೊಸದು ತಂದಾಗ ಅಪ್ಪನಿಗೆ ಬಿಟ್ಟುಕೊಟ್ಟದ್ದು. ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಹಾರಾಡಿ, ಯೋಚನೆ ಮಾಡಿ, ಒಂದು ಕಡೆ ಕೂರುತ್ತವೆ. ಅಪ್ಪ ಅದನ್ನು ಓದುತ್ತಾರೆ. ಅಮ್ಮ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಬರೆಯುತ್ತಾಳೆ. ಕ್ಯಾಲೆಂಡರಿನ ಮುರುಗ ತನ್ನ ನವಿಲಿನ ಮೇಲೆ ಆರಾಮಾಗಿ ಕೂತಿರುತ್ತಾನೆ. ಆ ನವಿಲಿನ ಮೇಲೆ ಎಷ್ಟು ಭಾರ ಬಿತ್ತು ಎಂದು ಯಾರೂ ಕೇಳುವುದಿಲ್ಲ.

"ಎಷ್ಟುಂಗ?"

ನಮ್ಮ ಮನೆಮಾತಿನಲ್ಲಿ 'ಎಷ್ಟು ರೀ' ಎಂದು ಅಮ್ಮ ಅಪ್ಪನನ್ನು ಕೇಳುವುದು ಹೀಗೆ.

"ಎಪ್ಪತ್ತೊಂಬತ್ತು, ನಾನೂರು."

"ಹೋದ ವಾರ ಎಪ್ಪತ್ತೆಂಟು ಇನ್ನೂರು! ಏನ್ ಡೀ ಅಭಿ ಇದು? ಕೊಳ್ಳುಗಂಜಿ ಕುಡಿದು ಯಾರಾದ್ರೂ ಒಂದು ಕಿಲೋ ಏರ್ತಾರಾ? ಕೊಳ್ಳು ತಿಂದ ಕುದುರೆ ಏರುತ್ತಾ?"

"ಕುದುರೆ ತಿರುಪ್ಪೂರಿಗೆ ಬಸ್ಸಲ್ಲಿ ಹೋಗಲ್ಲಮ್ಮ, ಓಡ್ಕೊಂಡ್ ಹೋಗುತ್ತೆ."

"ಬಾಯಿ ಮಾತ್ರ ಇಳಿಯೋದೇ ಇಲ್ಲ."

ಕೊಳ್ಳು ಅಂದರೆ ಹುರುಳಿ. ಅಮ್ಮನ ಪ್ರಕಾರ ಜಗತ್ತಿನ ಎಲ್ಲ ಕೊಬ್ಬನ್ನೂ ಕರಗಿಸುವ ಕಾಳು. ಹುರುಳಿ ಹುರಿದು, ಪುಡಿ ಮಾಡಿ, ವಾರಕ್ಕಾಗುವಷ್ಟು ಡಬ್ಬಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಬೆಳಿಗ್ಗೆ ಒಂದು ಲೋಟ ಗಂಜಿ, ಸಂಜೆ ಒಂದು ಲೋಟ ಗಂಜಿ, ಮಧ್ಯಾಹ್ನ ಒಂದು ಹಿಡಿ ಅನ್ನ. ಆ ಹಿಡಿ ಕೂಡ ಅವಳ ಹಿಡಿ, ನನ್ನದಲ್ಲ. ಅವಳ ಕೈ ಎಷ್ಟು ಸಣ್ಣದೆಂದರೆ ಬಳೆ ಅಂಗಡಿಯವನು ಮಕ್ಕಳ ಅಳತೆಯದನ್ನು ತೆಗೆದು ತೋರಿಸುತ್ತಾನೆ.

ನಾನು ಇದ್ದದ್ದು ತಿರುಪ್ಪೂರಿನ ಹಾಸ್ಟೆಲಿನಲ್ಲಿ. ಕೆಲಸ ಬನಿಯನ್ ಕಂಪನಿಯಲ್ಲಿ. ಹೊರದೇಶಕ್ಕೆ ಹೋಗುವ ಬಟ್ಟೆಯ ಮಾದರಿಗಳನ್ನು ಟೇಪು ಹಿಡಿದು ಅಳೆದು ಸರಿ ತಪ್ಪು ಹೇಳುವುದು. ವಾರವೆಲ್ಲ ನಾನು ಬೇರೆಯವರ ಎದೆ ಸೊಂಟದ ಅಳತೆ ನೋಡುತ್ತಿದ್ದೆ. ಶನಿವಾರ ಸಂಜೆ ಅವಿನಾಶಿ, ಅನ್ನೂರು ದಾಟಿ ಮನೆಗೆ ಬಂದರೆ ಮನೆಯವರು ನನ್ನದನ್ನು ನೋಡುತ್ತಿದ್ದರು.

ಆ ಭಾನುವಾರ ಅಮ್ಮ ಪೆನ್ಸಿಲನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ತೀರ್ಪು ಕೊಟ್ಟಳು.

"ಇದೋ ಕೇಳು. ದೀಪಾವಳಿಗೆ ಇನ್ನು ಐದು ವಾರ. ಅಷ್ಟ್ರೊಳಗೆ ಐದು ಕಿಲೋ ಇಳೀಬೇಕು. ಇಳೀಲಿಲ್ಲ ಅಂದ್ರೆ ಕೆಲ್ಸ ವೇಲೆ ಎಲ್ಲ ಬಿಟ್ಟು ಮನೇಗೆ ಬಾ. ನನ್ನ ಕಣ್ಣೆದುರು ಕೂತ್ಕೊಂಡು ತಿನ್ನು."

"ಅಮ್ಮ, ನಾನು ಏನೂ ತಿಂತಾ ಇಲ್ಲ."

"ಪೊಯ್ ಹೇಳಬೇಡ ಸುಳ್ಳಿ. ಹಾಸ್ಟೆಲ್ ಎದುರು ಪುರೋಟ ಅಂಗಡಿ ಇರೋದು ನನಗೆ ಗೊತ್ತಿಲ್ವಾ? ಒಳಗೆ ಹೋಗದೆ ತೂಕ ಎಲ್ಲಿಂದ ಬರುತ್ತೆ? ನೀವಾದ್ರೂ ಹೇಳೀಂಗ!"

ಅಪ್ಪ ಗಂಟಲು ಸರಿಮಾಡಿಕೊಂಡರು. "ಹ್ಞಂ."

ಅಷ್ಟೇ. ನನ್ನಪ್ಪನ ಹೆಸರು ಆರುಮುಗಂ. ದೇವರ ಹೆಸರಿನ ಲೆಕ್ಕದಲ್ಲಿ ಆರು ಮುಖ, ಆರು ಬಾಯಿ ಇರಬೇಕು. ಆರರಲ್ಲಿ ಒಂದೂ ತೆರೆಯುವುದಿಲ್ಲ. ಮಿಮಿಕ್ರಿಯಲ್ಲಿ ನಾನು ಯಾರನ್ನೂ ಬಿಟ್ಟವಳಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿ ಮೂರು ದಿನ ಸಸ್ಪೆಂಡ್ ಆಗಿದ್ದೆ. ಅನ್ನೂರು ಬಸ್ಸಿನ ಕಂಡಕ್ಟರು, ಕಂಪನಿಯ ಮ್ಯಾನೇಜರು, ಸೀರೆ ಮಡಿಸುತ್ತ ಮೂಗಿನಲ್ಲೇ ಮಾತಾಡುವ ಸೋಮಸುಂದರಂ ಮೊದಲಾಳಿ, ಒಂದೇ ಉಸಿರಿಗೆ ಆರು ಪ್ರಶ್ನೆ ಕೇಳಿ ಏಳನೆಯದಕ್ಕೆ ತಾನೇ ಉತ್ತರ ಹೇಳುವ ಅಮ್ಮ, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದರು. ಅಪ್ಪ ಒಬ್ಬರೇ ಒಳಗೆ ಬಂದಿರಲಿಲ್ಲ. ಅವರಿಂದ ಸಿಗುತ್ತಿದ್ದುದು ಅಂಕಿಗಳು, ಒಂದು "ಹ್ಞಂ", ಮತ್ತು ತೂಕ ಕೂಡಿ ಬಂದಾಗ ಒಂದು "ಸರಿ". ಇಷ್ಟೇ ಸಾಮಾನಿನಲ್ಲಿ ಯಾವ ಮಿಮಿಕ್ರಿ ಮಾಡುವುದು?

ಅಮ್ಮನಿಗೆ ನಂಬಿಕೆ ಬರಲಿಲ್ಲ. ನನ್ನ ಬ್ಯಾಗನ್ನು ಚಾಪೆಯ ಮೇಲೆ ಕವುಚಿದಳು. ಖಾಲಿಯಾದ ಹುರುಳಿ ಡಬ್ಬಿ, ಬಸ್ ಟಿಕೆಟ್ಟುಗಳು, ಅಳತೆ ಟೇಪು. ಪುರೋಟದ ಒಂದು ಚೂರೂ ಸಿಗಲಿಲ್ಲ. ಸಿಕ್ಕಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ತಿಂದೆ, ಅದಕ್ಕೇ ಏರಿತು ಎಂದಾದರೂ ಗೊತ್ತಾಗುತ್ತಿತ್ತು. ಕೊನೆಗೆ ಒಂದು ಸಣ್ಣ ಪರ್ಸಿನಿಂದ ಹಿತ್ತಾಳೆಯ ಚಿಮಟ ಹೊರಬಿತ್ತು.

"ಇದು ಅವ್ವಂದಲ್ವಾ? ನಿನ್ನತ್ರ ಯಾಕಿದೆ?"

"ಹುಬ್ಬಿಗೆ."

ಹುಬ್ಬಿಗಲ್ಲ. ಆದರೆ ಅದನ್ನು ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ಅವ್ವ ಅಂದರೆ ಅಪ್ಪನ ತಾಯಿ, ರಾಮಾಯಿ. ಅವಳು ಹೋಗಿ ಆಗಲೇ ನಾಲ್ಕು ವರ್ಷವಾಗಿತ್ತು. ಆ ಚಿಮಟ ಅವಳು ನೇಯ್ದು ಮುಗಿಸಿದ ಸೀರೆಯ ಮೇಲಿನ ಗಂಟು, ಸಿಬಿರು ಕೀಳಲು ಇಟ್ಟುಕೊಂಡಿದ್ದದ್ದು. ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಮಧ್ಯಾಹ್ನ ಎರಡು ಗಂಟೆಗೆ, ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಂತು ಸದ್ದಡಗಿದಾಗ, ಅವ್ವ ಹಿತ್ತಿಲ ಬಾಗಿಲಿನಲ್ಲಿ ಬಿಸಿಲಿಗೆ ಮುಖ ಮಾಡಿ ಕೂರುತ್ತಿದ್ದಳು. ನಾನು ಎರಡೂ ಕೈಯಲ್ಲಿ ಕನ್ನಡಿ ಹಿಡಿಯಬೇಕು. ಅವಳು ಗಲ್ಲ ಎತ್ತಿ ಒಂದೊಂದೇ ಕೂದಲನ್ನು ಹಿಡಿದು ಎಳೆಯುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲಿ ನಗು ಇರುತ್ತಿತ್ತು.

"ಯಾಕವ್ವ ನಿನಗೆ ಗಡ್ಡ?"

"ನಿಮ್ಮ ತಾತನಿಗೆ ಬರಲಿಲ್ಲ, ಕಣ್ಣು." ಮುದ್ದಿಗೆ ಅವಳು ನನ್ನನ್ನು ಕರೆಯುತ್ತಿದ್ದುದು ಹಾಗೆ. " ಮನೇಗೆ ಒಬ್ರಿಗಾದ್ರೂ ಇರಬೇಕಲ್ಲ?"

"ನನಗೂ ಬರುತ್ತಾ?"

"ಬಂದ್ರೆ ಈ ಚಿಮಟ ನಿನಗೇ. ಬೇರೆ ಆಸ್ತಿ ಏನಿದೆ ನನ್ನತ್ರ? ಕನ್ನಡಿ ಅಲ್ಲಾಡಿಸಬೇಡ."

ಅವ್ವ ದಪ್ಪಗಿದ್ದಳು. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಅಂಚಿನಲ್ಲಿ ಕೂತು, ಕಾಲಿನಿಂದ ತುಳಿಯುತ್ತ ನೇಯಬೇಕು. ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಅವಳ ಸೊಂಟ ಆ ಗುಂಡಿಗೆ ಹಿಡಿಸದೆ ತಾತ ಎರಡೂ ಕಡೆ ಒಂದೊಂದು ಗೇಣು ಅಗೆಸಿದರಂತೆ. ಓಣಿಯವರು ಅದಕ್ಕೆ ರಾಮಾಯಿ ಬಾವಿ ಎಂದು ಹೆಸರಿಟ್ಟರು. ಅದೇ ಕಾಲದಲ್ಲಿ ಅವಳಿಗೂ ಒಂದು ಹೆಸರಿಟ್ಟಿದ್ದರು: ಬಂಜೆ. ಮದುವೆಯಾಗಿ ಹನ್ನೊಂದು ವರ್ಷ ಅವಳಿಗೆ ಮಕ್ಕಳಿರಲಿಲ್ಲ. ಹನ್ನೆರಡನೆಯ ವರ್ಷ ಅಪ್ಪ ಹುಟ್ಟಿದರು. ಆಮೇಲೆ ಯಾರೂ ಹುಟ್ಟಲಿಲ್ಲ.

ದಪ್ಪಗಿದ್ದಳು ಅಂದರೆ ತಿನ್ನುತ್ತಿದ್ದಳು ಎಂದಲ್ಲ. ಎಲ್ಲರ ಊಟವಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೆ ಮಜ್ಜಿಗೆ ಸುರಿದುಕೊಂಡು ಕುಡಿಯುತ್ತಿದ್ದಳು. ಉಳಿಯದಿದ್ದರೆ ಮಜ್ಜಿಗೆ ಮಾತ್ರ. ಅವಳು ತಟ್ಟೆಯ ಮುಂದೆ ಕೂತದ್ದನ್ನು ನೋಡಿದ ನೆನಪೇ ನನಗಿಲ್ಲ. ನಿಂತುಕೊಂಡು, ಗೋಡೆಗೆ ಒರಗಿ, ಚೊಂಬು ಎತ್ತಿದ್ದೇ ಕಣ್ಣಮುಂದೆ ಬರುತ್ತದೆ.

ಅವಳ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಒಂದು ಐಪ್ಪಸಿ ತಿಂಗಳು. ನಮ್ಮ ಕಡೆ ಐಪ್ಪಸಿ ಅಂದರೆ ದೀಪಾವಳಿಯ ತಿಂಗಳು, ಜಡಿಮಳೆಯ ತಿಂಗಳು. ನನಗೆ ಎಂಟು ವರ್ಷ. ಅವ್ವ ಒಂದು ಸೀರೆ ನೇಯ್ದು ಮುಗಿಸಿದ್ದಳು. ಎಳೆನೀಲಿ ಒಡಲು, ಅರಿಶಿನದ ಅಂಚು. ಸೀರೆಯನ್ನು ಎದೆಗೆ ಒತ್ತಿಕೊಂಡು, ಮೇಲೆ ಪ್ಲಾಸ್ಟಿಕ್ ಹೊದಿಸಿ, ನನ್ನ ಕೈ ಹಿಡಿದುಕೊಂಡು ಮೊದಲಾಳಿ ಅಂಗಡಿಗೆ ನಡೆದಳು. ಅಲ್ಲಿ ಆಗಲೇ ಅಪ್ಪ ತೂಕ ನೋಡುವ ಕೆಲಸದಲ್ಲಿದ್ದರು. ನೇಯುವವರಿಗೆ ರೇಷ್ಮೆ, ಜರಿ ತೂಗಿ ಕೊಡುವುದು, ನೇಯ್ದು ತಂದ ಸೀರೆಯನ್ನು ಮತ್ತೆ ತೂಗಿ ತೆಗೆದುಕೊಳ್ಳುವುದು. ಕೊಟ್ಟ ತೂಕ ವಾಪಸು ಬಂದರೆ ಅಪ್ಪ "ಸರಿ" ಅನ್ನುತ್ತಿದ್ದರು. ಕಡಿಮೆ ಬಂದರೆ ನೇಯುವವರು ನೂಲು ಕದ್ದಿದ್ದಾರೆ. ಹೆಚ್ಚು ಬಂದರೆ ಇನ್ನೂ ಕೆಟ್ಟದ್ದು: ಕದ್ದು, ಅದನ್ನು ಮುಚ್ಚಲು ಗಂಜಿಯನ್ನೋ ನೀರನ್ನೋ ಕುಡಿಸಿದ್ದಾರೆ.

ಅವ್ವನ ಸೀರೆ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕೂತಿತು.

"ಮೂವತ್ತೆರಡು ಗ್ರಾಂ ಹೆಚ್ಚು," ಅಂದರು ಅಪ್ಪ.

ಸೋಮಸುಂದರಂ ಮೊದಲಾಳಿ ಮೂಗಿನಿಂದ ಶುರು ಮಾಡಿದರು. "ಏನ್ ರಾಮಾಯಕ್ಕ, ಸೀರೆಗೂ ಗಂಜಿ ಊಟಾನಾ? ನಿನ್ನ ಹಾಗೆ ಅದೂ ಊದಿಕೊಂಡಿದೆಯಲ್ಲ?"

ಅಂಗಡಿಯಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಆ ಮೂಗಿನ ದನಿಯನ್ನು ಮನೆಗೆ ಹೋಗಿ ಹೇಗೆ ಮಾಡಬೇಕು ಎಂದು ನೋಡಿಕೊಳ್ಳುತ್ತಿದ್ದೆ. ಅವ್ವ ನಗಲಿಲ್ಲ.

"ನಾನು ಒಂದು ತೊಟ್ಟು ನೀರು ಸೋಕಿಸಿಲ್ಲ. ಐಪ್ಪಸೀಲಿ ರೇಷ್ಮೆ ಗಾಳಿ ಕುಡಿಯುತ್ತೆ. ನಿಮ್ಮ ಅಂಗಡಿಲೇ ಇರಲಿ. ಬಿಸಿಲು ಬಂದ ದಿನ ಒಣಗಿಸಿ ತೂಗೀಂಗ. ಅಲ್ಲೀವರೆಗೂ ನಾನು ಹೋಗಲ್ಲ."

ಹೋಗಲೂ ಇಲ್ಲ. ಅಂಗಡಿಯ ಜಗುಲಿಯಲ್ಲಿ ಮೂರು ದಿನ ಕೂತಳು. ಸಂಜೆ ಬೀಗ ಹಾಕುವಾಗ ಮನೆಗೆ ಬಂದು, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹಾಜರ್. ಮಳೆ ಬಿಡಲಿಲ್ಲ. ಅಪ್ಪ ಒಳಗೆ ತಕ್ಕಡಿಯ ಪಕ್ಕ, ಅವ್ವ ಹೊರಗೆ ಜಗುಲಿಯ ಮೇಲೆ, ನಡುವೆ ಒಂದು ಹೊಸ್ತಿಲು. ನಾನು ಶಾಲೆ ಬಿಟ್ಟು ಬಂದು ಅವಳ ಪಕ್ಕ ಕೂತು ಮೊದಲಾಳಿಯ ದನಿ ಮಾಡಿ ತೋರಿಸಿದರೆ ಮಾತ್ರ ಅವಳ ಹೊಟ್ಟೆ ಕುಲುಕುತ್ತಿತ್ತು. "ಇನ್ನೂ ಸ್ವಲ್ಪ ಮೂಗಿಂದ ಕಣ್ಣು, ಇನ್ನೂ ಸ್ವಲ್ಪ."

ನಾಲ್ಕನೆಯ ದಿನ ಬಿಸಿಲು ಬಿತ್ತು. ಮೊದಲಾಳಿಯ ಮಹಡಿಯ ಮೇಲೆ ಹಗ್ಗ ಕಟ್ಟಿ, ಅಡ್ಡಕ್ಕೆ ಬಿಳಿಪಂಚೆ ಹಿಡಿದು, ಬಣ್ಣ ಬಾಡದ ಹಾಗೆ ಸೀರೆ ಹರಡಿದರು. ಮಧ್ಯಾಹ್ನ ಅಪ್ಪ ಮತ್ತೆ ತೂಗಿದರು. ಅಂಕಿಗಳು ಹಾರಾಡಿ ಕೂತವು.

"ಸರಿ," ಅಂದರು ಅಪ್ಪ.

ದಾರಿಯಲ್ಲಿ ಅವ್ವ ಮುಂದೆ, ಅಪ್ಪ ಹಿಂದೆ, ನಾನು ನಡುವೆ. ಭವಾನಿ ಹೊಳೆ ಮಣ್ಣುಬಣ್ಣಕ್ಕೆ ತಿರುಗಿ ತುಂಬಿ ಹರಿಯುತ್ತಿತ್ತು. ಸೇತುವೆಯ ಹತ್ತಿರ ಅವ್ವ ತಿರುಗದೆಯೇ ಕೇಳಿದಳು. "ದಿನಾ ತೂಗೋನು ನೀನು. ರೇಷ್ಮೆ ಗಾಳಿ ಕುಡಿಯೋದು ನಿನಗೆ ಗೊತ್ತಿತ್ತಲ್ಲೋ ಆರುಮುಗಾ?"

"ಹ್ಞಂ."

ಅವಳು ಆಮೇಲೆ ಯಾವತ್ತೂ ಅದನ್ನು ಎತ್ತಲಿಲ್ಲ. ನಾನೂ ಮರೆತಿದ್ದೆ. ಹೋದ ವರ್ಷ ಹಾಸ್ಟೆಲಿನ ಕನ್ನಡಿಯಲ್ಲಿ ನನ್ನ ಗಲ್ಲದ ಕೆಳಗೆ ಮೂರು ಕಪ್ಪು ಕೂದಲು ಕಂಡಾಗ, ಮೊದಲು ಹೆದರಿಕೆಯಾಯಿತು, ಆಮೇಲೆ ಎರಡು ಗಂಟೆಯ ಬಿಸಿಲು, ಹಿತ್ತಿಲ ಬಾಗಿಲು, ನನ್ನ ಕೈಯಲ್ಲಿ ಅಲ್ಲಾಡುತ್ತಿದ್ದ ಕನ್ನಡಿ, ಎಲ್ಲ ಒಟ್ಟಿಗೆ ಬಂದವು. ಮುಂದಿನ ಶನಿವಾರ ಅವ್ವನ ಪೆಟ್ಟಿಗೆಯಿಂದ ಚಿಮಟ ಎತ್ತಿಕೊಂಡೆ. ಆಸ್ತಿ ನನ್ನ ಹೆಸರಿಗೆ ಆಗಿತ್ತು.

ಇನ್ನೊಂದು ವಿಷಯವನ್ನೂ ಬಚ್ಚಿಟ್ಟಿದ್ದೆ. ಮುಟ್ಟು ನನ್ನನ್ನು ಮುಟ್ಟಿ ನೋಡುವುದನ್ನೇ ಬಿಟ್ಟಿತ್ತು. ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಕೆಲಸದ ಒತ್ತಡ, ಹಾಸ್ಟೆಲ್ ನೀರು, ಬಸ್ಸಿನ ಕುಲುಕಾಟ ಎಂದು ನನಗೆ ನಾನೇ ಕಾರಣ ಹೇಳಿಕೊಂಡಿದ್ದೆ. ನನಗೇ ಡಾಕ್ಟರ ದನಿ ಮಾಡಿ ನನಗೇ ಸಮಾಧಾನ ಹೇಳಿಕೊಳ್ಳುವುದು ಮಿಮಿಕ್ರಿಯವರಿಗೆ ಇರುವ ಒಂದು ಅನುಕೂಲ.

ಅಮ್ಮನ ಗಡುವು ಸಿಕ್ಕಿದ ಮೇಲೆ ನಾನು ಆ ಹಿಡಿ ಅನ್ನವನ್ನೂ ಬಿಟ್ಟೆ. ಕೆಲಸ ಹೋಗಬಾರದು, ಅಷ್ಟೇ. ತಿರುಪ್ಪೂರಿನಲ್ಲಿ ನನಗೆ ಒಂದು ಮಂಚ, ಒಂದು ಕಿಟಕಿ, ಸಂಜೆ ನನ್ನ ಮಿಮಿಕ್ರಿಗೆ ಬಿದ್ದು ಬಿದ್ದು ನಗುವ ಏಳು ಹುಡುಗಿಯರು ಇದ್ದರು. ಅದನ್ನು ಬಿಟ್ಟು ಬಂದು ಕ್ಯಾಲೆಂಡರಿನ ಕೆಳಗೆ ಕೂರುವುದು ನನ್ನಿಂದ ಆಗದು. ಎರಡು ವಾರ ಗಂಜಿಯ ಮೇಲೇ ಇದ್ದೆ. ಮೂರನೆಯ ವಾರದ ಬುಧವಾರ, ಒಂದು ಬನಿಯನ್ನಿನ ತೋಳು ಅಳೆಯುತ್ತಿದ್ದಾಗ ಟೇಪಿನ ಅಂಕಿಗಳು ಹಾರಾಡತೊಡಗಿದವು. ಎಲ್ಲಿ ಕೂತವೋ ಗೊತ್ತಾಗಲಿಲ್ಲ. ನಾನು ನೆಲದ ಮೇಲಿದ್ದೆ.

ಕಂಪನಿಯವರು ಮನೆಗೆ ಫೋನ್ ಮಾಡಿದರು. ಶನಿವಾರ ಅಪ್ಪ ರಜೆ ಹಾಕಿದರು; ಅದೇ ಒಂದು ಸುದ್ದಿ. ಮೂವರೂ ಬಸ್ ಹತ್ತಿ ತುಡಿಯಲೂರಿಗೆ ಹೋದೆವು. ಅಲ್ಲಿ ತೆನ್ಮೊಳಿ ಎಂಬ ಡಾಕ್ಟರ ಕ್ಲಿನಿಕ್ಕು ಇತ್ತು. ನನ್ನ ಹಾಸ್ಟೆಲಿನ ಇಂದುಜಾ ಅಲ್ಲಿಗೇ ಹೋಗುತ್ತಿದ್ದಳು. ರಕ್ತ ಕೊಟ್ಟೆ, ನೀರು ಕುಡಿದು ಸ್ಕ್ಯಾನಿಗೆ ಮಲಗಿದೆ, ಮತ್ತೆ ಕಾದೆ. ಕೊನೆಗೆ ಒಳಗೆ ಕರೆದರು. ಅಮ್ಮ ಮುಂದಿನ ಕುರ್ಚಿಯಲ್ಲಿ, ನಾನು ಪಕ್ಕದಲ್ಲಿ, ಅಪ್ಪ ಫೈಲು ಹಿಡಿದು ಬಾಗಿಲಿಗೆ ಒರಗಿ ನಿಂತರು.

ಡಾಕ್ಟರು ಮಾತಾಡಿದ್ದು ತಮಿಳಿನಲ್ಲಿ. ಅಮ್ಮನೂ ಅವರ ಹತ್ತಿರ ತಮಿಳಿನಲ್ಲೇ ಶುರು ಮಾಡಿದಳು. ಮನೆಯ ಕನ್ನಡಕ್ಕಿಂತ ಅವಳ ತಮಿಳು ಇನ್ನೂ ವೇಗ.

"ತಿನ್ನೋದನ್ನ ಮುಚ್ಚಿಡ್ತಾಳೆ ಡಾಕ್ಟರಮ್ಮ. ನೀವೇ ಬೈದು ಹೇಳಿ. ನಾನೇ ಅಳೆದು ಕೊಡ್ತೀನಿ, ಆದ್ರೂ ಏರ್ತಾಳೆ."

"ನೀವು ಕೊಡೋದು ಏನು?"

ಅಮ್ಮ ಹೆಮ್ಮೆಯಿಂದ ಪಟ್ಟಿ ಒಪ್ಪಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಹುರುಳಿ ಒಳ್ಳೇದೇ. ಆದರೆ ಇಪ್ಪತ್ತಾರು ವರ್ಷದ, ಇಡೀ ದಿನ ನಿಂತು ಕೆಲಸ ಮಾಡೋ ಹುಡುಗಿಗೆ ಇದಿಷ್ಟೇ ಊಟಾನಾ? ತಲೆ ಸುತ್ತಿ ಬೀಳದೆ ಏನಾಗುತ್ತೆ?" ಆಮೇಲೆ ನನ್ನ ಕಡೆ ತಿರುಗಿದರು. "ತಿಂಗಳು ತಿಂಗಳು ಬರುತ್ತಾ?"

ನಾನು ನಿಜ ಹೇಳಿದೆ; ಎರಡು ವಾರದಿಂದ ಆ ಹಿಡಿ ಅನ್ನವನ್ನೂ ಬಿಟ್ಟದ್ದನ್ನು ಸೇರಿಸಿ ಹೇಳಿದೆ. ಗಲ್ಲ ಎತ್ತಿಯೂ ತೋರಿಸಿದೆ. ಅಮ್ಮ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಸಿಟ್ಟು ಅಲ್ಲ, ತನಗೆ ಗೊತ್ತಿಲ್ಲದ ಒಂದು ಕೋಣೆ ತನ್ನದೇ ಮನೆಯಲ್ಲಿ ಸಿಕ್ಕಿದ ಹಾಗೆ.

ಡಾಕ್ಟರು ಒಂದು ಕಾಗದದ ಮೇಲೆ ಬಳೆಯ ಹಾಗೆ ಒಂದು ಸುತ್ತು ಬರೆದರು. "ಇದಕ್ಕೆ ಪಿಸಿಒಎಸ್ ಅಂತಾರೆ. ಹೊರಗೆ ಎಲ್ಲರೂ ನೀರುಕಟ್ಟಿ, ಅಂಡಾಶಯದಲ್ಲಿ ನೀರಿನ ಗುಳ್ಳೆ ಅಂತಾರೆ, ಆದರೆ ತೊಂದರೆ ಬರೀ ಗುಳ್ಳೆಗಳದ್ದಲ್ಲ. ಇಂಥವರಲ್ಲಿ ತುಂಬಾ ಜನರ ದೇಹ ಇನ್ಸುಲಿನ್ ಮಾತು ಬೇಗ ಕೇಳಲ್ಲ. ಕೇಳದಿದ್ದಾಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಸುರಿಯುತ್ತೆ. ಅದು ಹೆಚ್ಚಾದರೆ ಅಂಡಾಶಯ ಗಂಡಸರ ಹಾರ್ಮೋನನ್ನ ಹೆಚ್ಚು ಮಾಡುತ್ತೆ. ಅದರಿಂದ ಗಲ್ಲದ ಕೂದಲು, ನಿಂತುಹೋಗೋ ಮುಟ್ಟು. ತೂಕ ಬೇಗ ಏರುತ್ತೆ, ಅದರಲ್ಲೂ ಹೊಟ್ಟೆ ಸುತ್ತ. ಏರಿದ ತೂಕ ಮತ್ತೆ ಇನ್ಸುಲಿನ್ನನ್ನ ಇನ್ನೂ ಕೆಡಿಸುತ್ತೆ." ಪೆನ್ನು ಸುತ್ತು ಹೊಡೆದು ಹೊರಟಲ್ಲಿಗೇ ಬಂತು. "ಎಲ್ಲಿ ಶುರು ಅಂತ ಬೆರಳಿಡೋಕೆ ಆಗಲ್ಲ. ಸಣ್ಣಗಿರೋ ಹುಡುಗಿಯರಿಗೂ ಇದು ಬರುತ್ತೆ. ಇವಳು ಕದ್ದು ತಿಂದದ್ದಕ್ಕೆ ಬಂದ ಶಿಕ್ಷೆ ಅಲ್ಲ ಇದು."

"ಹಾಗಾದ್ರೆ ಇಳಿಸೋದೇ ಬೇಡ್ವಾ?"

"ಬೇಕು. ನಾಲ್ಕೈದು ಕಿಲೋ ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ದಾರಿಗೆ ಬರುತ್ತೆ. ಆದರೆ ಬೇರೆಯವರಿಗಿಂತ ಇವಳಿಗೆ ಕಷ್ಟ, ನಿಧಾನ. ಉಪವಾಸ ಇದ್ದು ಅಲ್ಲ. ಹೊತ್ತಿಗೆ ಸರಿಯಾಗಿ ಊಟ, ಕಾಳು, ಮೊಟ್ಟೆ, ತರಕಾರಿ, ನಿದ್ದೆ, ಕೈಕಾಲಿಗೆ ಕೆಲಸ. ಮಾತ್ರೆ ನಾನು ಬರೆದು ಕೊಡ್ತೀನಿ. ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಇತ್ತಾ?"

"ನಮ್ಮ ಮನೇಲಿ ಯಾರಿಗೂ ಇಲ್ಲ," ಅಂದಳು ಅಮ್ಮ ಥಟ್ಟನೆ. ಆಮೇಲೆ ಕುರ್ಚಿಯಲ್ಲೇ ತಿರುಗಿ, ಅಪ್ಪನಿಗೆ, ಮನೆಯ ಕನ್ನಡದಲ್ಲಿ: "ಏನುಂಗ, ನೀವು ಮೂವತ್ತು ವರ್ಷ ತೂಕ ನೋಡಿದೋರು. ನೀವೇ ಹೇಳೀಂಗ. ಒಳಗೆ ಏನೂ ಹಾಕದೆ ತೂಕ ಏರುತ್ತಾ? ಗಾಳಿ ಕುಡಿದು ಏರುತ್ತಾ?"

ನಾನು "ಹ್ಞಂ"ಗೆ ಕಾದೆ.

"ಏರುತ್ತೆ," ಅಂದರು ಅಪ್ಪ.

ಅಮ್ಮ ಕುರ್ಚಿಯ ಬೆನ್ನು ಹಿಡಿದು ಪೂರ್ತಿ ಅವರ ಕಡೆ ತಿರುಗಿದಳು.

"ಐಪ್ಪಸೀಲಿ ರೇಷ್ಮೆ ಏರುತ್ತೆ. ಯಾರೂ ಒಂದೆಳೆ ಹಾಕಿರಲ್ಲ. ನಮ್ಮವ್ವನ ಸೀರೆ ಮೂವತ್ತೆರಡು ಗ್ರಾಂ ಏರಿತ್ತು. ನನಗೆ ಗೊತ್ತಿತ್ತು. ಮೊದಲಾಳಿ ಎದುರು ನಾನು ಹೇಳಲಿಲ್ಲ. ಮೂರು ದಿನ ಮಳೇಲಿ ಕೂತಿದ್ಳು." ಫೈಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. "ಮನೇಲಿ ಯಾರಿಗೂ ಇಲ್ಲ ಅನ್ನಬೇಡ ಕಲಾ. ಅವ್ವನಿಗೆ ಗಡ್ಡ ಇತ್ತು. ನಾನು ಹುಟ್ಟೋಕೆ ಹನ್ನೆರಡು ವರ್ಷ ಆಯ್ತು. ಎಲ್ಲರೂ ತಿಂದು ಉಳಿದದ್ದನ್ನ ತಿಂತಿದ್ಳು. ಆದ್ರೂ ಗುಂಡಿ ಅಗೆಸಬೇಕಾಯ್ತು. ಆವಾಗ್ಲೂ ಎಲ್ಲರೂ ಅವಳ ಬಾಯೀನೇ ನೋಡಿದ್ರು."

ಇಷ್ಟು ಉದ್ದದ ಮಾತನ್ನು ಅಪ್ಪನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ದನಿ ಸ್ವಲ್ಪ ಅವ್ವನ ಹಾಗೇ ಇತ್ತು.

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನ್ ಹೇಳಿದ್ರು ಅವರು? ನನಗೆ ಕನ್ನಡ ಬರಲ್ಲ."

ನನ್ನ ಕಡೆ ನೋಡಿ ಕೇಳಿದರು. ಊರಿನವರ ದನಿಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ತಿರುಗುವವಳು ನಾನು. ಬಾಯಿ ತೆರೆದೆ, ಏನೂ ಬರಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು. ತಮಿಳಿನಲ್ಲಿ, ಒಂದೊಂದೇ ಮಾತು, ಅವಳ ಜನ್ಮದಲ್ಲೇ ಇಲ್ಲದಷ್ಟು ನಿಧಾನವಾಗಿ.

"ರೇಷ್ಮೆ ಮಳೆಗಾಲದಲ್ಲಿ ತೂಕ ಏರುತ್ತೆ ಅಂತಾರೆ ಡಾಕ್ಟರಮ್ಮ. ಅದಕ್ಕೆ ಯಾರೂ ಏನೂ ಕೊಟ್ಟಿರಲ್ಲ ಅಂತಾರೆ. ನಮ್ಮತ್ತೆ ಒಬ್ರು ಇದ್ರು. ಅವರು... ಅವರು ಏನೂ ಕದ್ದಿರಲಿಲ್ಲ ಅಂತ..."

ಅಲ್ಲಿಗೆ ನಿಂತಳು. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ನೋಡಿದಳು. "ಎರಡು ವಾರದಿಂದ ಅನ್ನಾನೇ ತಿಂದಿಲ್ವಾ ಡೀ?"

"ಇಲ್ಲಮ್ಮ."

"ಪುರೋಟ?"

"ವಾಸನೆ ಮಾತ್ರ."

"ಪಾಪಿ," ಅಂದಳು. ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ ಗೊತ್ತಾಗಲಿಲ್ಲ.

ತೀರಿಹೋದವರ ಕಾಯಿಲೆ ಇಂಥದ್ದೇ ಎಂದು ಹೇಳಲಾಗದು, ಆದರೆ ಇದು ಮನೆತನದಲ್ಲಿ ಹರಿದು ಬರುವುದುಂಟು ಎಂದು ಹೇಳಿ ಡಾಕ್ಟರು ಫೈಲಿನಲ್ಲಿ ಒಂದು ಸಾಲು ಬರೆದರು: ತಂದೆಯ ತಾಯಿ. ಅವ್ವನ ಹೆಸರು ಯಾವ ಆಸ್ಪತ್ರೆಯ ಕಾಗದದಲ್ಲೂ ಇದ್ದದ್ದು ನನಗೆ ಗೊತ್ತಿಲ್ಲ. ಇದರಲ್ಲೂ ಹೆಸರಿಲ್ಲ, ಆದರೂ ಜಾಗ ಸಿಕ್ಕಿತು.

ತುಡಿಯಲೂರು ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅಮ್ಮ ನನ್ನ ಮುಂದೆ ಎಲೆ ಹಾಕಿಸಿದಳು. ಅನ್ನ, ಕೀರೆ ಸೊಪ್ಪಿನ ಪಲ್ಯ, ಸಾಂಬಾರು, ಮೊಟ್ಟೆ. ನಾನು ತಿನ್ನುವುದನ್ನು ಕೈಕಟ್ಟಿ ಕೂತು ನೋಡಿದಳು. ನಡುವೆ ಒಮ್ಮೆ ಮೆಲ್ಲಗೆ ಅಂದಳು: "ನಾನೂ ನಕ್ಕಿದ್ದೆ. ಮದುವೆಯಾಗಿ ಬಂದ ಹೊಸದರಲ್ಲಿ. ರಾಮಾಯಿ ಬಾವಿ ಅಂತ ಓಣಿ ಹೆಂಗಸರ ಜೊತೆ ಸೇರ್ಕೊಂಡು."

"ಅವ್ವನಿಗೆ ಕೇಳಿಸಿತ್ತಾ?"

"ಮನೇಲಿ ಅವರಿಗೆ ಕೇಳದ್ದು ಏನಿತ್ತು? ಮಾರನೇ ದಿನ ನನಗೆ ತಲೆಗೆ ಎಣ್ಣೆ ಹಚ್ಚಿದ್ರು, ಏನೂ ಹೇಳಲಿಲ್ಲ."

ಅಪ್ಪ ಪಕ್ಕದ ಮೇಜಿನಲ್ಲಿ ಕಾಫಿ ಆರಿಸುತ್ತಿದ್ದರು. ಮಾತಾಡಿ ದಣಿದವರ ಹಾಗೆ ಕಾಣುತ್ತಿದ್ದರು.

ದೀಪಾವಳಿ ಬಂತು. ಇಳಿದದ್ದು ಐದು ಕಿಲೋ ಅಲ್ಲ, ಆರುನೂರು ಗ್ರಾಂ. ಹಬ್ಬದ ಮಾರನೆಯ ದಿನ ಅಮ್ಮ ನನ್ನ ಬ್ಯಾಗು ಕಟ್ಟಿದಳು. ಹುರುಳಿ ಡಬ್ಬಿಯ ಪಕ್ಕ ಕಡಲೆಕಾಯಿ, ಅದರ ಪಕ್ಕ ರಾಗಿ ಹಿಟ್ಟು, ಎಲ್ಲದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಚಿಮಟ. "ಬಸ್ಸಿಗೆ ಹೊತ್ತಾಯ್ತು, ಹೊರಡು. ಮೂರು ಹೊತ್ತೂ ತಿನ್ನು. ತಿಂದೆ ಅಂತ ಫೋನ್ ಮಾಡು. ನನ್ನ ದನೀಲಿ ಆ ಹುಡುಗೀರನ್ನ ನಗಿಸಬೇಡ." ಗಡುವಿನ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಈಗ ನಾನು ತಿರುಪ್ಪೂರಿನಲ್ಲಿ ಕಂಪನಿಗೆ ನಡೆದೇ ಹೋಗುತ್ತೇನೆ. ಮಾತ್ರೆ ನುಂಗುತ್ತೇನೆ, ಮೊದಲ ತಿಂಗಳು ಅದು ಹೊಟ್ಟೆಯೊಳಗೆ ಕಂಡಕ್ಟರನ ಹಾಗೆ ಕೂಗುತ್ತಿತ್ತು, ಈಗ ತೆಪ್ಪಗಿದೆ. ತೂಕ ಮೂರು ಕಿಲೋ ಇಳಿದು, ಒಂದು ಏರಿ, ಮತ್ತೆ ಎರಡು ಇಳಿದಿದೆ. ಮುಟ್ಟು ಪೊಂಗಲ್ ಆದ ಮೇಲೆ ಮೂರು ಸಲ ಹೇಳಿದ ಹೊತ್ತಿಗೆ ಬಂದು ಹೋಯಿತು. ಗಲ್ಲದ ಕೂದಲು ಇನ್ನೂ ಇವೆ. ಇರಲಿ.

ಹೋದ ಭಾನುವಾರ ಎದ್ದು ಅಭ್ಯಾಸಬಲದಿಂದ ಮಗ್ಗದ ಕೋಣೆಗೆ ಹೋದೆ. ತೂಕದ ಯಂತ್ರ ಗೋಡೆಗೆ ಮುಖ ಮಾಡಿ ನಿಂತಿತ್ತು, ಮೇಲೆ ನೂಲಿನ ಮೂಟೆ. ಅಪ್ಪ ಅವ್ವನ ಗುಂಡಿಯೊಳಗೆ ಇಳಿದು ನಾಲ್ಕು ವರ್ಷದ ಧೂಳನ್ನು ತೆಂಗಿನ ಪೊರಕೆಯಲ್ಲಿ ಗುಡಿಸುತ್ತಿದ್ದರು. ಆ ಗುಂಡಿಗೆ ಮಣ್ಣು ತುಂಬಿಸಿ ಸಿಮೆಂಟು ಹಾಕಿಸುವ ಮಾತು ಮನೆಯಲ್ಲಿ ಎಷ್ಟೋ ಸಲ ಬಂದಿತ್ತು. ಮಗ್ಗಕ್ಕೆ ರೇಷ್ಮೆ ಎಳೆಗಳ ಹೊಸ ಹಾಸು ಬಿಗಿದಿತ್ತು. ಬಣ್ಣ ಎಳೆನೀಲಿ.

"ಯಾರಿಗಪ್ಪ ಇದು?"

ಅವರು ಮೇಲೆ ಹತ್ತಿ, ಕೈ ಕೊಡವಿ, ಗುಂಡಿಯ ಕಡೆ ತೋರಿಸಿದರು. ಡಾಕ್ಟರು ಹೇಳಿದ್ದ ಕೈಕಾಲಿನ ಕೆಲಸ ಅವರ ಕಿವಿಗೂ ಬಿದ್ದಿತ್ತು ಎಂದು ಆಗ ಹೊಳೆಯಿತು. ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ. ತಂಪು ಮಣ್ಣು. ಪಾದ ತುಳಿಗೋಲಿಗೆ ತಾನಾಗಿ ಸಿಕ್ಕಿತು; ಚಿಕ್ಕವಳಿದ್ದಾಗ ಎಷ್ಟು ನೀಡಿದರೂ ಸಿಗುತ್ತಿರಲಿಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಯಾಡಿಸಿ ನೋಡಿದೆ. ಯಾವ ಅಂಗಡಿಯ ಬಟ್ಟೆಯೂ, ನಮ್ಮ ಕಂಪನಿಯ ಬನಿಯನ್ನೂ ನನಗೆ ಇಷ್ಟು ಅಳತೆಯಾಗಿ ಕೂತದ್ದಿಲ್ಲ. ಅವ್ವ ಎರಡೂ ಕಡೆ ಒಂದೊಂದು ಗೇಣು ನನಗೆಂದೇ ಅಗೆಸಿಟ್ಟ ಹಾಗಿತ್ತು. ಒಮ್ಮೆ ತುಳಿದೆ. ಮಗ್ಗ ಹಳೆಯ ಸದ್ದು ಮಾಡಿತು.

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಏನೋ ಕೆಳಗೆ ಬಿತ್ತು. ಓಡಿ ಬಂದವಳು ಬಾಗಿಲಲ್ಲೇ ನಿಂತಳು. ಕೈಯಲ್ಲಿ ಕಾಫಿ ಲೋಟ. ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. ಕಣ್ಣು ತುಂಬಿಕೊಂಡಿತ್ತು. ವರ್ಷವೆಲ್ಲ ಭಾನುವಾರ ಆ ಬಾಗಿಲಲ್ಲಿ ನಿಂತು ಕೇಳಿದ ಮಾತೇ ಅವಳ ಬಾಯಿಗೆ ಬಂತು.

"ಎಷ್ಟುಂಗ?"

ಅಪ್ಪ ಗೋಡೆಯ ಕಡೆ ತಿರುಗಿದ್ದ ಯಂತ್ರವನ್ನು ನೋಡಲಿಲ್ಲ. ನನ್ನನ್ನೇ, ಗುಂಡಿಯ ಎರಡೂ ಅಂಚಿನ ನಡುವೆ ಕೂತಿದ್ದ ನನ್ನನ್ನು, ಸೀರೆ ನೋಡುವ ಹಾಗೆ ಮೇಲಿಂದ ಕೆಳಗೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಸರಿ," ಅಂದರು.